ಬೊಳ್ಳಿಗೆ ಮದ್ದಿತ್ತು

ಡಾಕ್ಟರರು ಹೇಳಿದ್ದು ಒಂದು, ನಾನು ಮಾವನಿಗೆ ಹೇಳಿದ್ದು ಇನ್ನೊಂದು. ಅವರಿಬ್ಬರ ನಡುವೆ ನಿಂತು ಮಾತು ದಾಟಿಸಬೇಕಾದವಳು ನಾನೊಬ್ಬಳೇ ಇದ್ದೆ. ದಾಟಿಸಲಿಲ್ಲ. ಅದರಿಂದಾಗಿ ಗುಣವಾಗಬಹುದಾಗಿದ್ದ ಒಂದು ನಾಯಿ ಸತ್ತಿತು — ಸತ್ತಿತು ಎಂದರೆ ಸರಿಯಾಗುವುದಿಲ್ಲ. ಮಾವ ತಮ್ಮ ಕೈಯಿಂದಲೇ ಅದನ್ನು ಕೊಂದರು. ಕೊಲ್ಲಬೇಕಾಗಿರಲಿಲ್ಲ ಎನ್ನುವುದು ಆಗ ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಮಾವ ಎಂದರೆ ನನ್ನ ಅವ್ವನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ಅವ್ವ ಮತ್ತು ನಾನು ಅರಂತೋಡಿನ ಹತ್ತಿರ ಅವರ ಮನೆಯಲ್ಲೇ ಇದ್ದೆವು. ಹೆಣ್ಣುಮಗಳನ್ನು ಮಂಗಳೂರಿನ ಹಾಸ್ಟೆಲಿನಲ್ಲಿಟ್ಟು ಓದಿಸುವುದು ನಮ್ಮ ಗೌಡರ ಮನೆಗಳಲ್ಲಿ ಆಗ ಕೇಳಿದ ಸಂಗತಿಯಲ್ಲ. ಮಾವ ಓದಿಸಿದರು. ಯಾರ ಮನೆಗೆ ತಂತಿ ಬಂದರೂ, ಯಾವ ಅಧಿಕಾರಿಯ ಹತ್ತಿರ ಮಾತಾಡಬೇಕಾದರೂ, "ನಮ್ಮ ಗೂಡೆಯ ಹತ್ತಿರ ಕೇಳಿ" ಎನ್ನುತ್ತಿದ್ದರು. ಗೂಡೆ ಎಂದರೆ ಅರೆಭಾಷೆಯಲ್ಲಿ ಹುಡುಗಿ. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. ನಮ್ಮ ಮನೆಯ ಮಾತು ಅರೆಭಾಷೆಯೇ, ಆದರೆ ಇಲ್ಲಿ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬರೆಯುತ್ತೇನೆ. ಇನ್ನು ಯಾವುದೂ ಅರ್ಧ ತಿಳಿದು ಅರ್ಧ ಉಳಿಯುವುದು ಬೇಡ.

ಮಾವನಿಗೆ ಮಕ್ಕಳಿರಲಿಲ್ಲ. ಅತ್ತೆಗೆ ಎದೆಯಲ್ಲಿ ಗಡ್ಡೆಯಾಗಿತ್ತು. ಮಂಗಳೂರಿಗೆ ಕರೆದುಕೊಂಡು ಹೋಗಿ ಕೊಯ್ಯಿಸಿದರು. ಗಾಯ ಮಾಯಲಿಲ್ಲ, ಗಡ್ಡೆ ಮತ್ತೆ ಬಂತು, ಕೊನೆಯ ತಿಂಗಳುಗಳಲ್ಲಿ ಅತ್ತೆ ತನ್ನ ಕೋಣೆಗೆ ಯಾರೂ ಬರಬಾರದು ಎಂದು ಹೇಳಿದ್ದರು — ವಾಸನೆಯ ಕಾರಣಕ್ಕೆ. ಮಾವ ಮಾತ್ರ ಹೋಗುತ್ತಿದ್ದರು. ಬಟ್ಟೆ ಬದಲಿಸುವುದು, ತೊಳೆಯುವುದು, ಎಲ್ಲ ಅವರೇ. ಅತ್ತೆ ಹೋದ ಮೇಲೆ ಮಾವ ಆ ವಿಷಯದಲ್ಲಿ ಆಡಿದ್ದು ಒಂದೇ ಮಾತು: "ಕೊಯ್ಯಿಸಬಾರದಿತ್ತು."

ಬೊಳ್ಳಿ ಬಂದದ್ದು ಅದರ ನಂತರ. ಕಂದು ಮೈ, ಎದೆಯ ಮೇಲೆ ಬಿಳಿಯ ಮಚ್ಚೆ, ಒಂದು ಕಿವಿ ಯಾವಾಗಲೂ ಮಡಿಚಿದ ಹಾಗೆ. ಮಾವ ಮಲಗುವ ಮಂಚದ ಕಾಲಿಗೆ ಬೆನ್ನು ತಾಗಿಸಿ ಮಲಗುತ್ತಿತ್ತು. ಮಾವ ಅದರ ಹತ್ತಿರ ಮಾತಾಡುತ್ತಿದ್ದರು. ನಮ್ಮ ಹತ್ತಿರ ಆಡುವುದಕ್ಕಿಂತ ಹೆಚ್ಚು. "ಎಂತ, ಇವತ್ತು ಊಟ ಸೇರುದಿಲ್ಲವಾ? ಮೀನು ಇಲ್ಲ ಅಂತ ಸಿಟ್ಟಾ?" — ಇಂಥ ಮಾತುಗಳು.

ಕೊಯ್ಲು ಮುಗಿದ ಮೇಲೆ ಸುತ್ತಲಿನ ಮನೆಗಳ ಗಂಡಸರು ಸೇರಿ ಹಂದಿ ಬೇಟೆಗೆ ಹೋಗುತ್ತಿದ್ದರು. ಮಾಂಸ ಪಾಲು ಮಾಡುವಾಗ ಕೋವಿ ಹಾರಿಸಿದವನಿಗೆ, ಕಾಡು ಸೋವಿ ಹಂದಿ ಎಬ್ಬಿಸಿದವರಿಗೆ ಇದ್ದ ಹಾಗೆ ನಾಯಿಗೂ ಒಂದು ಪಾಲು. ಕೆಲವು ಮನೆಗಳಲ್ಲಿ ಆ ಪಾಲನ್ನೂ ಮನುಷ್ಯರೇ ತಿನ್ನುತ್ತಿದ್ದರು. ನಮ್ಮಲ್ಲಿ ಹಾಗಿರಲಿಲ್ಲ. ಬೊಳ್ಳಿಯ ಪಾಲು ಬೇರೆ ಬೆಂದು, ಅದು ಉಂಡ ಮೇಲೆ ನಮಗೆ ಎಲೆ.

ನನ್ನ ಕೊನೆಯ ಪರೀಕ್ಷೆ ಮುಗಿದು ಊರಿಗೆ ಬಂದಾಗ ಬೊಳ್ಳಿ ಮಲಗಿ ಎದ್ದ ಕಡೆಯಲ್ಲೆಲ್ಲ ರಕ್ತದ ಹನಿ ಕಾಣುತ್ತಿತ್ತು. ಹಂದಿಯ ಕೋರೆ ತಾಗಿರಬೇಕು ಎಂದು ಮಾವ ಅರಸಿನ ಹಚ್ಚಿದರು, ಯಾರೋ ಹೇಳಿದ ಸೊಪ್ಪಿನ ರಸ ಹಿಂಡಿದರು. ನಿಲ್ಲಲಿಲ್ಲ. ನಾಯಿ ಬಡಕಲಾಯಿತು. ಪುತ್ತೂರಿನ ದನದ ಆಸ್ಪತ್ರೆಗೆ ತೋರಿಸುವುದು ಎಂದಾಯಿತು. ಬಸ್ಸಿನಲ್ಲಿ ನಾಯಿಯನ್ನು ಹತ್ತಿಸುವುದಿಲ್ಲ. ಅದ್ರಾಮ ಬ್ಯಾರಿಯವರ ಮರದ ಲಾರಿ ಆ ಕಡೆ ಹೋಗುವುದಿತ್ತು. ಅವರು ಮಾವನ ಹಳೆಯ ಸ್ನೇಹಿತರು.

"ಗೌಡ್ರೆ, ಈ ಸೀಟಿನಲ್ಲಿ ನಾನು ನನ್ನ ಹೆಂಡತಿಯನ್ನು ಸಹ ಕೂರಿಸಿದ್ದಿಲ್ಲ," ಎಂದರು ಬ್ಯಾರಿಯವರು, ಮಾವ ಬೊಳ್ಳಿಯನ್ನು ಎತ್ತಿಕೊಂಡು ಮುಂದೆ ಹತ್ತುವಾಗ. "ಒಂದು ಉಪಕಾರ ಮಾಡಿ, ನನ್ನನ್ನು ನೆಕ್ಕಲಿಕ್ಕೆ ಬಿಡಬೇಡಿ. ನಾಯಿ ನೆಕ್ಕಿದರೆ ನಮ್ಮಲ್ಲಿ ಏಳು ಸರ್ತಿ ತೊಳೆಯಬೇಕು, ಅದು ಯಾರು ಮಾರಾಯ್ರೆ?"

"ನಿಮ್ಮನ್ನು ನೆಕ್ಕುವಷ್ಟು ಅದರ ರುಚಿ ಕೆಟ್ಟಿಲ್ಲ," ಎಂದರು ಮಾವ. ಅವತ್ತು ಹೋಗುವಾಗ ಅವರಿಗೆ ಇನ್ನೂ ತಮಾಷೆ ಮಾಡುವ ಮನಸ್ಸಿತ್ತು.

ನಮ್ಮ ಜಿಲ್ಲೆ ಆಗ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಡಾಕ್ಟರರು ತಮಿಳು ಕಡೆಯವರು, ಬಂದು ಹೆಚ್ಚು ಸಮಯವಾಗಿರಲಿಲ್ಲ. ಕನ್ನಡ ಬಾರದು, ತುಳು ಬಾರದು. ಮಾತು ಅರ್ಥ ಮಾಡಿಸುತ್ತಿದ್ದ ಕಂಪೌಂಡರು ಆ ದಿನ ರಜೆ. ಬ್ಯಾರಿಯವರು ಮರ ಇಳಿಸಲು ಹೋಗಿದ್ದರು. ಜಗಲಿಯ ತುಂಬ ಎತ್ತು, ಕೋಣ, ಅವುಗಳನ್ನು ಹಿಡಿದುಕೊಂಡ ಗಂಡಸರು. ಹೆಂಗಸೆಂದರೆ ನಾನೊಬ್ಬಳೇ. ಇಲ್ಲಿ ಇಂಗ್ಲಿಷು ಯಾರಿಗೆ ಬರುತ್ತದೆ ಎಂದು ಡಾಕ್ಟರರು ಕೇಳಿದ್ದನ್ನು ಹೇಗೋ ಊಹಿಸಿ ಮಾವ ನನ್ನ ಬೆನ್ನಿಗೆ ಕೈ ಹಾಕಿ ಮುಂದೆ ಕಳಿಸಿದರು. "ನಮ್ಮ ಗೂಡೆ ಬಿ.ಎಸ್ಸಿ.," ಎಂದು ಡಾಕ್ಟರರಿಗಲ್ಲ, ಎತ್ತು ಹಿಡಿದು ನಿಂತವರಿಗೆ ಹೇಳಿದರು.

ಗಡ್ಡೆ ಇದ್ದದ್ದು ಬೊಳ್ಳಿಯ ಯೋನಿಯಲ್ಲಿ. ಅಲ್ಲಿಂದಲೇ ರಕ್ತ. ಮಾವ ತಲೆ ಹಿಡಿದುಕೊಂಡಿದ್ದರು, ಡಾಕ್ಟರರು ಕೈಗವಸು ಹಾಕಿ ನೋಡಿದರು. ಹೂಕೋಸಿನ ಹಾಗಿದೆ ಎಂದರು. ನಮ್ಮ ಕಡೆ ಆಗ ಹೂಕೋಸು ನೋಡಿದವರೇ ಕಡಿಮೆ. ಇದು ಈಚೆಗೆ ಬೆದೆಗೆ ಬಂದಿತ್ತೇ, ಗಂಡು ನಾಯಿಯ ಸಂಗ ಆಗಿತ್ತೇ, ಯಜಮಾನರನ್ನು ಕೇಳಿ — ಎಂದು ನನಗೆ ಹೇಳಿದರು. ನಾನು ಕೇಳಲಿಲ್ಲ. ಅವರಿಗೆ ಗೊತ್ತಿಲ್ಲವಂತೆ ಎಂದು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಅದು ಮೊದಲನೆಯ ಸುಳ್ಳು. ಎಷ್ಟು ಸುಲಭವಾಗಿ ಬಂತು ಎಂದರೆ —

ಆಮೇಲೆ ಡಾಕ್ಟರರು ವಿವರಿಸಿದರು. ಒಬ್ಬಳು ಪದವೀಧರೆ ಸಿಕ್ಕಿದಳೆಂದು ಅವರಿಗೆ ಸಂತೋಷವಾಗಿತ್ತು, ಹಾಗಾಗಿ ನಿಧಾನವಾಗಿ, ಚೆನ್ನಾಗಿ ವಿವರಿಸಿದರು. ಇದು ಒಂದು ಬಗೆಯ ಕ್ಯಾನ್ಸರ್. ಆದರೆ ಮನುಷ್ಯರಿಗೆ ಬರುವಂಥದ್ದಲ್ಲ. ನಾಯಿಗಳು ಕೂಡುವಾಗ ಒಂದರಿಂದ ಇನ್ನೊಂದಕ್ಕೆ ಬರುತ್ತದೆ. ಹೆಚ್ಚಾಗಿ ಒಳಗಿನ ಅಂಗಗಳಿಗೆ ಹರಡುವುದಿಲ್ಲ. ಪ್ರಜ್ಞೆ ತಪ್ಪಿಸಿ ಗಡ್ಡೆ ತೆಗೆದರೆ ಬಹಳ ನಾಯಿಗಳು ಗುಣವಾಗುತ್ತವೆ. ಕೆಲವಕ್ಕೆ ಮತ್ತೆ ಬರುವುದುಂಟು, ಆಗ ಮತ್ತೆ ತೆಗೆಯಬಹುದು. ಶುಕ್ರವಾರ ಬರಿ ಹೊಟ್ಟೆಯಲ್ಲಿ ತನ್ನಿ. ಮನೆಗೆ ಹೋದ ಮೇಲೆ ದಿನವೂ ಆ ಜಾಗವನ್ನು ತೊಳೆದು ಮದ್ದು ಹಾಕಬೇಕು, ಗಂಡು ನಾಯಿಗಳಿಂದ ದೂರ ಇಡಬೇಕು. "ನೀವು ವಿಜ್ಞಾನ ಓದಿದವರು, ನೀವೇ ಮಾಡಬಹುದು," ಎಂದರು.

ನನಗೆ ಎಲ್ಲ ಅರ್ಥವಾಯಿತು. ಇಂಗ್ಲಿಷಿನಲ್ಲಿ ಕೇಳಿಸಿಕೊಳ್ಳುವಾಗ ಒಂದಿಷ್ಟೂ ಸಂಕೋಚವಾಗಲಿಲ್ಲ — ಪುಸ್ತಕದ ಒಂದು ಪುಟ ಓದಿದ ಹಾಗೆ. ಅದನ್ನೇ ನಮ್ಮ ಮಾತಿಗೆ ತಿರುಗಿಸಿ, ಅಷ್ಟು ಗಂಡಸರ ಎದುರು, ನನ್ನನ್ನು ಎತ್ತಿ ಬೆಳೆಸಿದ ಮಾವನಿಗೆ ಹೇಳಬೇಕು ಎಂದಾಗ ಒಂದೊಂದು ಶಬ್ದವೂ ಆಡಬಾರದ್ದಾಗಿ ಕಂಡಿತು.

"ಎಂತ ಅಂತೆ ಗೌಡ್ರೆ? ನಾವೂ ಕೇಳುವ ಮಾರಾಯ್ರೆ," ಎಂದ ಒಬ್ಬ. "ನಾಯಿಗೂ ಇಂಗ್ಲಿಷ್ ಸೀಕಾ?" ಎಂದ ಇನ್ನೊಬ್ಬ. ನಕ್ಕರು. ಕೆಟ್ಟ ನಗುವಲ್ಲ. ಕಾದು ಬೇಸತ್ತವರ ನಗು.

ಮಾವ ನಗಲಿಲ್ಲ. ಡಾಕ್ಟರರ ಅಷ್ಟೂ ಮಾತಿನಲ್ಲಿ ಅವರಿಗೆ ಗುರುತು ಸಿಕ್ಕಿದ ಶಬ್ದ ಒಂದೇ.

"ಕ್ಯಾನ್ಸರ್ ಅಂದರಾ?"

"ಹೌದು."

"ಅತ್ತೆಗೆ ಬಂದದ್ದೇ?"

ಅಲ್ಲ ಎಂದರೆ, ಮತ್ತೆ ಎಂಥದ್ದು ಎಂದು ಕೇಳುತ್ತಾರೆ. ಎಂಥದ್ದು ಎಂದು ಹೇಳಬೇಕು. ಅತ್ತೆಯ ಹೆಸರು ಎತ್ತಿದ ಮಾತಿನ ಬೆನ್ನಿಗೇ ನಾಯಿಗಳು ಕೂಡುವ ವಿಷಯ — ನನ್ನಿಂದ ಆಗಲಿಲ್ಲ.

"ಹೌದು ಮಾವ. ಅದೇ."

ಯಜಮಾನರು ಏನೆನ್ನುತ್ತಾರೆ ಎಂದು ಡಾಕ್ಟರರು ಕೇಳಿದರು. ಶುಕ್ರವಾರ ತರುತ್ತೇವೆ ಎಂದೆ. ಇಬ್ಬರಿಗೂ ನನ್ನ ಮೇಲೆ ಪೂರ್ತಿ ನಂಬಿಕೆಯಿತ್ತು. ಇಬ್ಬರಿಗೂ ಬೇರೆ ದಾರಿಯಿರಲಿಲ್ಲ.

ಇಲ್ಲಿಗೆ ನಿಂತಿದ್ದರೆ ನಾಚಿಕೆ ಎಂಬ ಒಂದು ಹೆಸರು ಇಟ್ಟು ಇದನ್ನು ಮುಗಿಸಬಹುದಿತ್ತು. ಇಲ್ಲಿಗೆ ನಿಲ್ಲಲಿಲ್ಲ.

ಹಿಂದೆ ಬರುವಾಗ ಲಾರಿಯಲ್ಲಿ ಎತ್ತಿನವರು ಯಾರೂ ಇರಲಿಲ್ಲ. ವಿಷಯವನ್ನು ಮಾವ ಬ್ಯಾರಿಯವರಿಗೆ ಆಗಲೇ ಹೇಳಿದ್ದರು. ಬೊಳ್ಳಿ ಮಾವನ ತೊಡೆಯ ಮೇಲೆ. ಸುಳ್ಯ ದಾಟಿದ ಮೇಲೆ ಮಾವ ಕೇಳಿದರು: "ಡಾಕ್ಟ್ರು ಕೊಯ್ತೇನೆ ಅಂತ ಹೇಳಲಿಲ್ಲವಾ?"

"ಕೊಯ್ಯಬಹುದು ಅಂದರು. ಮತ್ತೆ ಬರಲೂಬಹುದಂತೆ."

ಎರಡೂ ನಿಜ. ಈ ಎರಡು ನಿಜಗಳ ನಡುವೆ ಇದ್ದದ್ದನ್ನು ನಾನು ತೆಗೆದುಹಾಕಿದ್ದೆ.

"ನಿನಗೆ ಎಂತ ಕಾಣುತ್ತದೆ?"

ಮಾವ ಇಂಥ ಪ್ರಶ್ನೆಯನ್ನು ನನಗೆ ಅದುವರೆಗೆ ಕೇಳಿದ್ದಿಲ್ಲ. ಅದನ್ನು ಹೇಗೆ ಕೇಳಿದರೆಂದರೆ — ನಾನು ಏನು ಹೇಳಿದರೂ ಹಾಗೇ ಮಾಡುವವರ ಹಾಗೆ ಕೇಳಿದರು. ಆಗ ಹೇಳಬಹುದಿತ್ತು. ಯಾರೆದುರು ನಾಚಿದ್ದೆನೋ ಅವರು ಅಲ್ಲಿ ಇರಲಿಲ್ಲ. ಬ್ಯಾರಿಯವರ ಕಣ್ಣು ರಸ್ತೆಯ ಮೇಲಿತ್ತು. ಆದರೆ ಈಗ ಹೇಳಿದರೆ ಆಗ ಯಾಕೆ ಹಾಗೆಂದೆ ಎಂಬ ಪ್ರಶ್ನೆ ಬರುತ್ತದೆ. ನಮ್ಮ ಗೂಡೆ ಬಿ.ಎಸ್ಸಿ. ಎಂದವರ ಎದುರು, ನನಗೆ ಹೇಳಲಾಗಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಇನ್ನೊಂದೂ ಇತ್ತು, ಅದನ್ನೂ ಬರೆಯುತ್ತೇನೆ: ದಿನವೂ ಆ ಜಾಗ ತೊಳೆದು ಮದ್ದು ಹಾಕುವ ಕೆಲಸ ನನಗೆ ಬೇಡವಾಗಿತ್ತು.

"ಅತ್ತೆಗೆ ಆದದ್ದು ನೋಡಿದ್ದೇವಲ್ಲ ಮಾವ," ಎಂದೆ.

ಅವರು ತಲೆಯಾಡಿಸಿದರು. ನಾನು ಮಾಡಿದ ತಪ್ಪು ಯಾವುದು ಎಂದು ಒಂದೇ ಕಡೆ ಬೆರಳಿಟ್ಟು ತೋರಿಸಿ ಎಂದರೆ ಆಸ್ಪತ್ರೆಯ ಜಗಲಿಯನ್ನಲ್ಲ, ಈ ಮಾತನ್ನು ತೋರಿಸುತ್ತೇನೆ. ಅವರ ಅತಿ ದೊಡ್ಡ ನೋವು ಎಲ್ಲಿದೆ ಎಂದು ಗೊತ್ತಿದ್ದು, ನನ್ನ ಅನುಕೂಲಕ್ಕೆ ಅದನ್ನು ಬಳಸಿಕೊಂಡೆ.

ಮನೆಯಲ್ಲಿ ಅವ್ವ, ಕಲ್ಲಿನಲ್ಲಿ ಅಕ್ಕಿ ಕಡೆಯುತ್ತಾ, ಕೈ ನಿಲ್ಲಿಸದೆ ಕೇಳಿದರು: "ಗಡ್ಡೆ ಎಲ್ಲಿ ಗೂಡೆ, ಗರ್ಭದಲ್ಲಾ, ಹೊರಗಾ? ಆ ಬಜಾರಿನ ಕರಿ ನಾಯಿ ಹತ್ತಿದ ಮೇಲೆಯೇ ಇದಕ್ಕೆ ಹೀಗಾದ್ದು. ಡಾಕ್ಟ್ರಿಗೆ ಅದು ಹೇಳಿದಿರಾ?" ಶಾಲೆಯ ಮೆಟ್ಟಿಲು ಹತ್ತದ ಅವ್ವನಿಗೆ ಅದು ಅಕ್ಕಿ ಬೇಳೆಯಷ್ಟೇ ಸಹಜವಾದ ಮಾತು. ನನಗೆ ಅಂಥ ಮಾತು ಕೀಳು ಅನಿಸಲು ಶುರುವಾದದ್ದು ಹಾಸ್ಟೆಲಿನ ವರ್ಷಗಳಲ್ಲಿ. ಅಲ್ಲಿ ನಾನು ಊರಿನವಳಂತೆ ಕಾಣಬಾರದು ಎಂದು ಎಷ್ಟೋ ಶಬ್ದಗಳನ್ನು ಒಂದೊಂದಾಗಿ ಬಿಟ್ಟಿದ್ದೆ. ಅವ್ವನಿಗೆ ಹೇಳಿದ್ದರೂ ಸಾಕಿತ್ತು. ಅವರು ಜಗಲಿಗೆ ಹೋಗಿ ಅಣ್ಣನಿಗೆ ಒಂದು ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದರು.

"ಎಂತದೋ, ನನಗೆ ಗೊತ್ತಿಲ್ಲ," ಎಂದೆ.

ಶುಕ್ರವಾರ ಬಂತು. ಹೋಯಿತು. ನಾನು ಆ ದಿನವೆಲ್ಲ ಒಂದು ಪುಸ್ತಕ ಹಿಡಿದುಕೊಂಡು ಕೂತಿದ್ದೆ.

ನಮ್ಮ ಕಡೆಯ ಬೇಟೆಯವರಲ್ಲಿ ಒಂದು ಕ್ರಮ ಉಂಟು. ಜೊತೆಗೆ ಕಾಡಿಗೆ ಬಂದ ನಾಯಿ ಇನ್ನು ಬದುಕುವುದಿಲ್ಲ ಎಂದಾದರೆ ಅದನ್ನು ನರಳಲು ಬಿಡುವುದಿಲ್ಲ, ಬೇರೆಯವರ ಕೈಗೂ ಕೊಡುವುದಿಲ್ಲ. ಯಜಮಾನನೇ ಮುಗಿಸಬೇಕು. ಶುಕ್ರವಾರ ಕಳೆದು ಮರುದಿನವೋ ಅದರ ಮರುದಿನವೋ, ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟು, ಮಾವ ಗೋಡೆಯಿಂದ ಕೋವಿ ತೆಗೆದರು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಬೊಳ್ಳಿ ನಾಲ್ಕೈದು ದಿನದಿಂದ ಮಲಗಿದಲ್ಲಿಂದ ಎದ್ದಿರಲಿಲ್ಲ. ಹಾಲು ಸಹ ಮಲಗಿದಲ್ಲಿಗೇ. ಕೋವಿಯನ್ನು ಕಂಡದ್ದೇ ಎದ್ದು ನಿಂತಿತು. ಬೇಟೆಗೆ ಹೊರಟದ್ದೆಂದು ತಿಳಿಯಿತು. ಬಾಲ ಅಲ್ಲಾಡಿಸುತ್ತಾ, ಹಿಂಗಾಲು ಎಳೆಯುತ್ತಾ, ಮಾವನಿಗಿಂತ ಮುಂದಾಗಿ ಅಂಗಳಕ್ಕೆ ಇಳಿಯಿತು. ಮಾವ ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಅದರ ಹಿಂದೆ ಹೋದರು.

ಕೂಗುವಷ್ಟು ಸಮಯ ಇತ್ತು. ಗದ್ದೆಯ ಬದು ದಾಟಿ ಗುಡ್ಡದ ಬುಡ ಮುಟ್ಟಲು ಆ ನಾಯಿಯ ನಡಿಗೆಯಲ್ಲಿ ಬಹಳ ಸಮಯ ಬೇಕಿತ್ತು.

ಮುಂದಿನ ಬೇಟೆಗೆ ಮಾವ ಹೋಗಲಿಲ್ಲ. ಆದರೂ ಹೋದವರು ಬೊಳ್ಳಿಯ ಪಾಲು ಎಂದು ಒಂದಿಷ್ಟು ಮಾಂಸ ಎಲೆಯಲ್ಲಿ ಕಟ್ಟಿ ತಂದುಕೊಟ್ಟರು. ಆ ವರ್ಷ ಅದು ಓಡಿದ ನಾಯಿಯಲ್ಲವೇ, ಅದರ ಲೆಕ್ಕಕ್ಕೆ. ಅವ್ವ ಬೇಯಿಸಿದರು. ಯಾರಿಗೆ ಬಡಿಸುವುದು ಎಂದು ಕೇಳಿದಾಗ ಮಾವ, "ಗೂಡೆಗೆ ಹಾಕು. ಅದಕ್ಕಾಗಿ ಓಡಾಡಿದವಳು ಅವಳು," ಎಂದರು. ನನ್ನ ಎಲೆಗೆ ಹಾಕಿದರು. ತಿಂದೆ.

ಆಮೇಲೆ ನನ್ನ ಜೀವನ ನಡೆದುಕೊಂಡು ಹೋಯಿತು. ಈಗ ಕಡಬದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಸಂತಾನೋತ್ಪತ್ತಿಯ ಪಾಠ ಬಂದಾಗ "ಇದನ್ನು ನೀವೇ ಓದಿಕೊಳ್ಳಿ" ಎಂದು ಪುಟ ದಾಟಿಸುತ್ತೇನೆ; ಎಷ್ಟೋ ವರ್ಷಗಳಿಂದ ಹಾಗೇ ಮಾಡುತ್ತಾ ಬಂದಿದ್ದೇನೆ. ಮಾವ ಮತ್ತೆ ನಾಯಿ ಸಾಕಲಿಲ್ಲ. ಬೊಳ್ಳಿಯ ವಿಷಯ ತಾವಾಗಿ ಎತ್ತುತ್ತಿರಲಿಲ್ಲ. ಈ ಸುಳ್ಳು ಅಲ್ಲಿಗೇ, ಗುಡ್ಡದ ಬುಡದಲ್ಲೇ ಮುಗಿಯಿತು ಎಂದು ನಾನು ತಿಳಿದಿದ್ದೆ.

ಕಳೆದ ಬೇಸಿಗೆಯಲ್ಲಿ ಅದ್ರಾಮ ಬ್ಯಾರಿಯವರು ಕಡಬಕ್ಕೆ ನನ್ನನ್ನು ಹುಡುಕಿಕೊಂಡು ಬಂದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಶಾಲೆ ಬಿಟ್ಟಿತ್ತು, ನಾನು ಬೀಗ ಹಾಕುತ್ತಿದ್ದೆ.

"ಟೀಚರ್ರೆ, ಒಂದು ಕೇಳಲಿಕ್ಕುಂಟು. ಹೇಳಲಿಕ್ಕೆ ನನಗೆ ಒಂಥರಾ ಆಗ್ತದೆ, ಆದರೂ ಹೇಳ್ತೇನೆ. ನನ್ನ ಹೆಂಡತಿಗೆ ಗರ್ಭದಲ್ಲಿ ಗಡ್ಡೆ ಅಂತೆ. ಕ್ಯಾನ್ಸರ್. ಬೇಗ ಆಪರೇಷನ್ ಮಾಡಿಸಿ ಅಂತ ಮಂಗಳೂರಿನಲ್ಲಿ ಹೇಳಿದ್ದಾರೆ. ನಿಮ್ಮ ಮಾವ ಬೇಡವೇ ಬೇಡ ಅಂತಾರೆ. ಕೊಯ್ಯಿಸಿಕೊಂಡವರು ಯಾರೂ ಉಳಿದದ್ದಿಲ್ಲ, ನಿಮ್ಮ ಅತ್ತೆ ಉಳಿಯಲಿಲ್ಲ, ನಾಯಿಗೇ ಮದ್ದಿರಲಿಲ್ಲ, ಡಾಕ್ಟ್ರು ಹೇಳಿದ್ದನ್ನು ನಮ್ಮ ಗೂಡೆ ಕಿವಿಯಾರೆ ಕೇಳಿದ್ದಾಳೆ ಅಂತಾರೆ. ನನಗೂ ನೆನಪುಂಟು, ಲಾರಿಯಲ್ಲಿ ನೀವು ಹೇಳಿದ್ದು. ಮನೆಯಲ್ಲಿ ಇವಳು ಸಹ ಹೆದರಿ ಕೂತಿದ್ದಾಳೆ. ಈಗ ನೀವೇ ಹೇಳಿ. ಎಂತ ಮಾಡುದು?"

ಲಾರಿಯಲ್ಲಿ ಮಾವ ಕೇಳಿದ ಪ್ರಶ್ನೆಯೇ.

ನಾನು ಹೇಳಿದೆ. ನಿಮ್ಮ ಹೆಂಡತಿಯ ಕಾಯಿಲೆ ಏನೆಂದು ನನಗೆ ಗೊತ್ತಿಲ್ಲ, ಅದು ಗೊತ್ತಿರುವುದು ಮಂಗಳೂರಿನವರಿಗೆ. ಅವರ ಮಾತು ಕೇಳಿ, ಇವತ್ತೇ ಹೊರಡಿ. ಆದರೆ ಬೊಳ್ಳಿಯನ್ನು ಸಾಕ್ಷಿಗೆ ತರಬೇಡಿ. ಬೊಳ್ಳಿಗೆ ಮದ್ದಿತ್ತು. ನಾನು ಸುಳ್ಳು ಹೇಳಿದ್ದೆ. ಗಡ್ಡೆ ಎಲ್ಲಿತ್ತು, ಹೇಗೆ ಬಂದದ್ದು, ಡಾಕ್ಟರರು ಏನೇನು ಹೇಳಿದ್ದರು — ಒಂದು ಶಬ್ದ ಬಿಡದೆ, ಬ್ಯಾರಿಯವರ ಮುಖ ನೋಡಿಕೊಂಡೇ ಹೇಳಿದೆ.

ಅವರು ಟೊಪ್ಪಿ ತೆಗೆದು ತಲೆ ಒರೆಸಿಕೊಂಡರು. "ಇದು ಗೌಡ್ರಿಗೆ ಗೊತ್ತುಂಟಾ?"

"ಇಲ್ಲ."

"ನಾನು ಹೇಳುದಿಲ್ಲ," ಎಂದರು. ಟೊಪ್ಪಿ ಮತ್ತೆ ಇಟ್ಟುಕೊಂಡು, "ನಾನು ಹೇಳುವ ಹಾಗಿಲ್ಲ ಮಗಳೇ, ಅದು ನೀವೇ ಹೇಳಬೇಕು," ಎಂದರು.

ಅವರ ಹೆಂಡತಿಗೆ ಆಪರೇಷನ್ ಆಯಿತು. ಮನೆಗೆ ಬಂದಿದ್ದಾರೆ, ನಾಲ್ಕು ಹೆಜ್ಜೆ ನಡೆಯುತ್ತಾರೆ. ಮುಂದೆ ಹೇಗೆಂದು ಯಾರಿಗೂ ಗೊತ್ತಿಲ್ಲ. ಅವರು ಉಳಿದರೂ ಅದನ್ನು ನನ್ನ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುವ ಹಾಗಿಲ್ಲ.

ಬ್ಯಾರಿಯವರು ಬಂದುಹೋದ ವಾರದ ಭಾನುವಾರವೇ ನಾನು ಅರಂತೋಡಿಗೆ ಹೋಗಿದ್ದೆ. ಮಾವ ಅಂಗಳದಲ್ಲಿ ಹಲಸಿನ ಹಣ್ಣು ಬಿಡಿಸುತ್ತಿದ್ದರು. ಮೊಣಕೈವರೆಗೆ ಎಣ್ಣೆ ಹಚ್ಚಿಕೊಂಡಿದ್ದರು. ಎದುರು ಕೂತು ಎಲ್ಲ ಹೇಳಿದೆ. ಮೊದಲು ಡಾಕ್ಟರರು ಹೇಳಿದ್ದು, ಆಮೇಲೆ ನಾನು ಹೇಳಿದ್ದು, ಆಮೇಲೆ ಲಾರಿ, ಆಮೇಲೆ ಶುಕ್ರವಾರ. ನಾಚಿಕೆಯಾಗಿತ್ತು ಎಂದು ಹೇಳಿದೆ. ಅದೊಂದೇ ಅಲ್ಲ, ಕೆಲಸ ಬೇಡವಾಗಿತ್ತು ಎಂದೂ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ. ಒಂದೊಂದೇ ತೊಳೆ ಬಿಡಿಸಿ, ಬೀಜ ಒಂದು ಕಡೆ, ತೊಳೆ ಇನ್ನೊಂದು ಕಡೆ ಹಾಕುತ್ತಾ ಕೇಳಿದರು. ಹಣ್ಣು ಮುಗಿಯಿತು. ಕೈಗೆ ಅಂಟಿದ ಮೇಣವನ್ನು ಒಂದು ಕಡ್ಡಿಗೆ ಸುತ್ತಿ ಸುತ್ತಿ ತೆಗೆದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ, ಅದಕ್ಕೇ ಕಾದೆನೇನೋ.

"ನಾನು ಕೋವಿ ತೆಗೆಯುವಾಗ ನೀನು ಎಲ್ಲಿದ್ದೆ?"

"ಅಡುಗೆಮನೆ ಬಾಗಿಲಲ್ಲಿ."

"ಅದು ಎದ್ದು ಬಂದದ್ದು ನೋಡಿದೆಯಾ?"

"ನೋಡಿದೆ," ಎಂದೆ.